ಕಚ್ಚುವ ಹುಡುಗನಿಗೆ ಬೇಕಿದ್ದದ್ದು ಒಂದು ಮಾತು

ಮೂಡಿಗೆರೆ ಸೀಮೆಯ ಕಾಫಿ ತೋಟಗಳ ನಡುವಿನ ಅಂಗನವಾಡಿಯಲ್ಲಿ ನಾನು ಕಾರ್ಯಕರ್ತೆ. ಮೂರು ವರ್ಷದ ಆ ಹುಡುಗ ಸೇರಿದ ವಾರದಲ್ಲೇ ನಾಲ್ಕು ಮಕ್ಕಳ ತೋಳಿನ ಮೇಲೆ ಹಲ್ಲಿನ ಗುರುತು ಮೂಡಿತ್ತು. ಕರೆದೊಯ್ಯಲು ಬಂದ ಅವನ ತಾಯಿಗೆ ನಾನು ಉಳಿದ ತಾಯಂದಿರ ಎದುರೇ ದೂರು ಹೇಳಿದೆ. ಅದು ನನ್ನ ತಪ್ಪು. ಅವಳು ನಿಂತಲ್ಲೇ ಮಗನ ಬೆನ್ನಿಗೆ ಬಾರಿಸಿದಳು. ಮರುದಿನ ಅವನು ರಕ್ತ ಬರುವಂತೆ ಕಚ್ಚಿದ.

'ಇದನ್ನೆಲ್ಲ ಎಲ್ಲಿ ಕಲಿತನೋ' ಎಂದು ಎಲ್ಲರೂ ಕೇಳುತ್ತಿದ್ದರು. ಕೆನಡಾದ ಸಂಶೋಧಕ ರಿಚರ್ಡ್ ಟ್ರೆಂಬ್ಲೆ ಮತ್ತು ಸಂಗಡಿಗರು ಕ್ವಿಬೆಕ್‌ನ 572 ಕುಟುಂಬಗಳ ಕೂಸುಗಳನ್ನು ಮೂರೂವರೆ ವರ್ಷದವರೆಗೆ ಗಮನಿಸಿ 2004ರಲ್ಲಿ ಬರೆದದ್ದು ಬೇರೆಯೇ. ಹೊಡೆಯುವುದು, ತಳ್ಳುವುದು ಹೆಚ್ಚಿನ ಮಕ್ಕಳಲ್ಲಿ ಎರಡು ವರ್ಷಕ್ಕೆ ಮೊದಲೇ ಶುರುವಾಗುತ್ತದೆ. ಕಲಿಯಬೇಕಾದದ್ದು ಅದನ್ನು ಬಿಡುವುದನ್ನು. ಆ ಮಕ್ಕಳಲ್ಲಿ ಶೇ. 14ರಷ್ಟು ಮಂದಿಯಲ್ಲಿ ಮಾತ್ರ ಅದು ಮೊದಲಿನಿಂದ ಜಾಸ್ತಿಯಿದ್ದು ಏರುತ್ತ ಹೋಯಿತು. ಚಿಕ್ಕ ವಯಸ್ಸಿಗೇ ತಾಯಿಯಾಗುವುದು, ಬಸುರಿನಲ್ಲಿ ಧೂಮಪಾನ, ಬಡತನ, ಹೆತ್ತವರ ನಡುವಿನ ಜಗಳ, ಗದರಿಸಿ ಬಡಿದು ಬೆಳೆಸುವುದು: ಇಂಥವು ಇದ್ದ ಮನೆಗಳಲ್ಲಿ ಆ ಅಪಾಯ ಹೆಚ್ಚು.

ನಾನು ಒಂದು ನೋಟ್‌ಬುಕ್ ಇಟ್ಟೆ. ಕಚ್ಚಿದಾಗಲೆಲ್ಲ ಗಂಟೆ ಎಷ್ಟು, ಅದಕ್ಕೆ ತುಸು ಮೊದಲು ಏನಾಯಿತು ಎಂದಷ್ಟೇ ಬರೆದೆ. ಹತ್ತು ದಿನಕ್ಕೆ ಕಣ್ಣಿಗೆ ಹೊಡೆಯಿತು: ಬಹುಪಾಲು ಊಟಕ್ಕೆ ಮೊದಲು, ಅದೂ ಕೆಂಪು ಮರದ ಬಂಡಿಗಾಗಿ. ಇನ್ನೊಂದು ಸಂಗತಿ ನನ್ನನ್ನು ಕಾಡಿತು. ಅವನ ಬಾಯಲ್ಲಿ ಇದ್ದದ್ದು ಐದಾರು ಪದ. ಬೇಕಾದದ್ದನ್ನು ಕೇಳಲು ಅವನಿಗೆ ಕಚ್ಚುವುದನ್ನು ಬಿಟ್ಟರೆ ಬೇರೆ ದಾರಿಯಿರಲಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡ ತಪಾಸಣೆಗೆ ಬಂದಾಗ ಮಾತು, ಕಿವಿ ಎರಡನ್ನೂ ನೋಡಿರೆಂದು ಪಟ್ಟು ಹಿಡಿದೆ. ಒಂದು ಕಿವಿ ಸೋರುತ್ತಿತ್ತು. ಔಷಧಿ ಶುರುವಾಯಿತು.

ಬಂಡಿಯ ಹತ್ತಿರ ಅವನ ಬಾಯಿ ತೆರೆದುಕೊಂಡೊಡನೆ ನಾನು ಮಂಡಿಯೂರಿ ಅವನ ಎರಡೂ ಮುಂಗೈ ಹಿಡಿದು, ಮುಖ ನೋಡುತ್ತ, "ಕೊಡು ಅನ್ನು" ಎನ್ನುತ್ತಿದ್ದೆ. ಅಷ್ಟೇ. ಗದರಿಕೆ ಇಲ್ಲ, ಮೂಲೆ ಇಲ್ಲ. ಹನ್ನೊಂದು ಗಂಟೆಗೆ ಅವನ ಕೈಗೆ ಒಂದಿಷ್ಟು ಕಡಲೆ, ಬೆಲ್ಲ. ಹದಿಮೂರನೆಯ ದಿನ "ಕೊಲು" ಎಂದ. ಸಹಾಯಕಿ ಮತ್ತು ನಾನು ಇಬ್ಬರೂ ಕಣ್ಣೊರೆಸಿಕೊಂಡೆವು.

ಭಾನುವಾರ ತೋಟದ ಕೆಲಸಗಾರರ ಲೈನ್ ಮನೆಗೆ ಹೋಗಿ ಮೊದಲು ಅವನ ತಾಯಿಯ ಕ್ಷಮೆ ಕೇಳಿದೆ. ಇಪ್ಪತ್ತು ದಾಟದ ಹುಡುಗಿ ಅವಳು. "ಹೊಡೆದರೆ ಮಾತ್ರ ಸುಮ್ಮನಾಗುತ್ತಾನೆ ಟೀಚರ್" ಎಂದಳು. "ಸುಮ್ಮನಾಗುವುದು ಎಷ್ಟು ಹೊತ್ತು, ನೋಡಿದ್ದೀಯಾ ತಾಯಿ?" ಎಂದೆ. ಅವಳು ಮಾತಾಡಲಿಲ್ಲ. ಅವಳ ಕುತ್ತಿಗೆಯ ಬಳಿ ಇದ್ದ ಹಳೆಯ ಬಾಸುಂಡೆಯನ್ನು ನಾನು ಆಗ ಕಂಡೆ. ಅಂದಿನಿಂದ ಆ ಮನೆಗೆ ಹೋಗುವುದನ್ನು ಬಿಟ್ಟಿಲ್ಲ.

ಕಳೆದ ವಾರ ಮತ್ತೆ ಒಮ್ಮೆ ಕಚ್ಚಿದ. ವಿಚಾರಿಸಿದೆ: ಹಣ್ಣು ಕೊಯ್ಲು ಶುರುವಾಗಿತ್ತು, ತಾಯಿ ಬೆಳಕು ಹರಿಯುವ ಮುನ್ನವೇ ತೋಟಕ್ಕೆ ಹೋಗಿದ್ದಳು, ಹುಡುಗ ಬರಿಹೊಟ್ಟೆಯಲ್ಲಿ ಬಂದಿದ್ದ. ಅದನ್ನೂ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಈಗ ಅವನ ಪಾಲಿನ ಕಡಲೆ ಅವನು ಬಾಗಿಲು ದಾಟುತ್ತಲೇ ಸಿಗುತ್ತದೆ.