ಟ್ರ್ಯಾಕ್ಟರ್ ಟ್ರೇಲರಿಗೆ ನಾನು ಸುರಕ್ಷತಾ ಸರಪಳಿ ಕಟ್ಟಿದ ಬಗೆ

ನಮ್ಮ ಬ್ಯಾಡಗಿ ತಾಲ್ಲೂಕಿನಲ್ಲಿ ಟ್ರ್ಯಾಕ್ಟರ್ ಇರುವ ಮನೆಯಲ್ಲಿ ಟ್ರೇಲರೂ ಇರುತ್ತದೆ. ಆ ಎರಡನ್ನೂ ಜೋಡಿಸಿ ಹಿಡಿದಿರುವುದು ಮಾತ್ರ ಹೆಚ್ಚಿನ ಕಡೆ ಒಂದೇ ಒಂದು ಪಿನ್. ಅದರ ಲಾಕ್ ಕಳಚಿದರೆ, ಇಲ್ಲವೇ ಪಿನ್ನೇ ಸವೆದು ತುಂಡಾದರೆ ಎರಡು ಗಾಲಿಯ ಟ್ರೇಲರಿನ ಮೂಕಿ, ಅಂದರೆ ಟ್ರ್ಯಾಕ್ಟರಿಗೆ ಜೋಡಿಸಲು ಮುಂದಕ್ಕೆ ಚಾಚಿದ ದಂಡ, ರಸ್ತೆಗೆ ಬಡಿದು ನೆಲಕ್ಕೆ ನಾಟುತ್ತದೆ. ಮೋಟೆಬೆನ್ನೂರಿನ ಬಳಿ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಿಂದೆ ಬೈಕ್‌ಗಳ ಸಾಲು ಇರುವಾಗ ಹೀಗಾದರೆ ಏನಾಗಬಹುದೆಂದು ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ನಮ್ಮ ಟ್ರೇಲರಿಗೆ ಎರಡು ಸರಪಳಿ ಹಾಕಿಸಿದೆ.

ಸರಪಳಿ ಎಂದೊಡನೆ ಎಲ್ಲರೂ ನೋಡುವುದು ದಪ್ಪವನ್ನು. ದಪ್ಪ ಬೇಕು, ನಿಜ. ಆದರೆ ಪಿನ್ ಹೋದ ಗಳಿಗೆಯಲ್ಲಿ ಮೂಕಿಯನ್ನು ನೆಲ ಮುಟ್ಟದಂತೆ ಎತ್ತಿ ಹಿಡಿಯುವುದೇ ಅದರ ಮುಖ್ಯ ಕೆಲಸ. ಆದ್ದರಿಂದ ಅದನ್ನು ಎಷ್ಟು ಉದ್ದ ಬಿಟ್ಟಿದ್ದೇವೆ, ಹೇಗೆ ಹಾಯಿಸಿದ್ದೇವೆ ಎನ್ನುವುದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಎಡಗಡೆಯ ಸರಪಳಿ ಮೂಕಿಯ ಅಡಿಯಿಂದ ಹಾದು ಟ್ರ್ಯಾಕ್ಟರಿನ ಬಲಕ್ಕೆ ಹೋಗಬೇಕು, ಬಲಗಡೆಯದು ಎಡಕ್ಕೆ. ಹೀಗೆ ಕತ್ತರಿ ಹಾಕಿದರೆ ಬೀಳುವ ಮೂಕಿ ಜೋಳಿಗೆಯಲ್ಲಿ ಬಿದ್ದಂತೆ ನಡುವೆಯೇ ನಿಲ್ಲುತ್ತದೆ. ನೇರವಾಗಿ ಕಟ್ಟಿದ ಸರಪಳಿಗಳ ನಡುವೆ ಅದು ತೂರಿ ಕೆಳಗಿಳಿದುಬಿಡುತ್ತದೆ. ಉದ್ದವನ್ನು ಲೆಕ್ಕ ಹಾಕಿ ತೆಗೆಯಲಿಲ್ಲ, ಹೊಲದ ಬಯಲಿನಲ್ಲಿ ಟ್ರ್ಯಾಕ್ಟರನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಬದುವಿನ ಮೇಲೆ ಹತ್ತಿಸಿ ಇಳಿಸಿ ನೋಡಿದೆ. ತಿರುವಿನಲ್ಲಿ ಬಿಗಿಯಬಾರದು, ನೇರ ಹೋಗುವಾಗ ನೆಲಕ್ಕೆ ಸವರಬಾರದು, ಮೂಕಿ ಕುಸಿದರೂ ಅದರ ತುದಿ ರಸ್ತೆಯಿಂದ ಮೇಲೆಯೇ ಇರಬೇಕು. ಇದನ್ನು ಊಹೆಗೆ ಬಿಡದೆ, ಖಾಲಿ ಟ್ರೇಲರನ್ನು ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಮೂಕಿಗೆ ಜ್ಯಾಕ್ ಕೊಟ್ಟು ಪಿನ್ ತೆಗೆದು, ಜ್ಯಾಕನ್ನು ನಿಧಾನವಾಗಿ ಇಳಿಸಿ ಕಣ್ಣಾರೆ ನೋಡಿದೆ. ಉದ್ದ ಹೆಚ್ಚಾದರೆ ಮುಂದಿನ ಕೊಂಡಿಗೆ ಶ್ಯಾಕಲ್ (ಪಿನ್ ಹಾಕಿ ಮುಚ್ಚುವ ಬಾಗಿದ ಉಕ್ಕಿನ ಕೊಂಡಿ) ಹಾಕುತ್ತೇನೆ. ಸರಪಳಿಯನ್ನು ಹುರಿಮಾಡಿ ಗಿಡ್ಡ ಮಾಡುವುದು, ಗಂಟು ಹಾಕುವುದು ಸಲ್ಲದು, ಕೊಂಡಿಗಳು ಓರೆಯಾಗಿ ಎಳೆತ ಹೊತ್ತು ಬಲ ಕಳೆದುಕೊಳ್ಳುತ್ತವೆ.

ನಮ್ಮ ಟ್ರೇಲರ್ ಗೋವಿನಜೋಳ ಹೇರಿದಾಗ ಒಟ್ಟು ಏಳು ಟನ್ ತೂಗುತ್ತದೆ. ನಾನು ಆರಿಸಿದ್ದು 13 ಮಿಲಿಮೀಟರಿನ ಗ್ರೇಡ್ 80 ಸರಪಳಿ (ಗ್ರೇಡ್ ಅಂದರೆ ಉಕ್ಕಿನ ಬಲದ ದರ್ಜೆ). ಅದರ ಕೆಲಸದ ಹೊರೆ, ಅಂದರೆ ಸುರಕ್ಷಿತವಾಗಿ ಹೊರಬಹುದಾದ ಭಾರ, 5.3 ಟನ್, ತುಂಡಾಗುವ ಮಿತಿ ಅದರ ನಾಲ್ಕು ಪಟ್ಟು, ಸುಮಾರು 21 ಟನ್. ಒಂದು ಸರಪಳಿ ಕೈಕೊಟ್ಟರೂ ಇನ್ನೊಂದು ಇಡೀ ಟ್ರೇಲರಿನ ಜಗ್ಗು ತಡೆಯಬೇಕು ಎಂಬುದು ನನ್ನ ಅಳತೆ. ಕೊಳ್ಳುವಾಗ ಕೊಂಡಿಯ ಮೇಲೆ 8 ಅಥವಾ 80 ಎಂಬ ಅಚ್ಚು ಇದೆಯೇ ಎಂದು ಹುಡುಕಿ. ಅಚ್ಚಿಲ್ಲದ ಸರಪಳಿ ಬಾವಿಗೆ, ಗೇಟಿಗೆ ಸಾಕು, ಇದಕ್ಕೆ ಬೇಡ.

ವೆಲ್ಡಿಂಗ್ ಅಂಗಡಿಯ ಹುಡುಗ, "ಕಾಕಾ, ಕೊನೆಯ ಕೊಂಡಿಯನ್ನೇ ಮೂಕಿಗೆ ಹಚ್ಚಿ ವೆಲ್ಡ್ ಮಾಡಿಬಿಡುತ್ತೇನೆ, ಗಟ್ಟಿಯಾಗಿರುತ್ತದೆ" ಎಂದ. ನಾನು ಒಪ್ಪಲಿಲ್ಲ. ಈ ಸರಪಳಿಯ ಉಕ್ಕಿಗೆ ಬಲ ಬಂದಿರುವುದೇ ಕಾಯಿಸಿ ಹದಗೊಳಿಸಿದ್ದರಿಂದ. ವೆಲ್ಡಿಂಗ್ ಬಿಸಿ ತಗುಲಿದರೆ ಆ ಹದ ಕೆಡುತ್ತದೆ. ದಪ್ಪ ಉಕ್ಕಿನ ಪ್ಲೇಟಿಗೆ ತೂತು ಕೊರೆಸಿ, ಮೂಕಿಯ ಎರಡೂ ಬದಿಗೆ ಹೈ ಟೆನ್ಸೈಲ್ ಬೋಲ್ಟ್ ಹಾಕಿಸಿ, ಸರಪಳಿಯನ್ನು ಡಿ ಶ್ಯಾಕಲ್‌ನಿಂದ ಅದಕ್ಕೆ ಜೋಡಿಸಿದೆ. ಶ್ಯಾಕಲಿಗೂ ಸರಪಳಿಯಷ್ಟೇ ಬಲವಿರಬೇಕು, ಅದರ ಪಿನ್ ಸಡಿಲವಾಗದಂತೆ ತಂತಿ ಸುತ್ತಬೇಕು.

ಟ್ರ್ಯಾಕ್ಟರಿನ ಕಡೆ, ಟ್ರೇಲರ್ ಜೋಡಿಸುವ ಹುಕ್ಕಿಗೇ ಸರಪಳಿ ಸಿಕ್ಕಿಸಿದರೆ ಹುಕ್ ಮುರಿದಾಗ ಸರಪಳಿಯೂ ಅದರ ಜೊತೆಗೇ ಹೋಗುತ್ತದೆ. ರಂಟೆ, ಕುಂಟೆ ಎತ್ತುವ ತೋಳುಗಳೂ ಬೇಡ, ಅವು ಮೇಲೆ ಕೆಳಗೆ ಆಡುತ್ತವೆ. ಟ್ರ್ಯಾಕ್ಟರಿನ ಹಿಂಬದಿಯ ಹೌಸಿಂಗಿಗೆ (ಗಟ್ಟಿ ಲೋಹದ ಕವಚಕ್ಕೆ) ಬೋಲ್ಟ್ ಆದ ಬ್ರಾಕೆಟ್ಟಿನಲ್ಲಿ ಬೇರೆಯೇ ತೂತು ಮಾಡಿಸಿಕೊಂಡೆ.

ಮೆಣಸಿನಕಾಯಿ ಚೀಲಗಳನ್ನು ಹಿಂದಕ್ಕೆ ಒಟ್ಟಿದರೆ ಮೂಕಿ ಮೇಲೇಳುತ್ತದೆ, ಪಿನ್ ಕುಣಿಯುತ್ತದೆ. ಆಗ ಯಾವ ಸರಪಳಿ ಇದ್ದರೂ ಸುಖವಿಲ್ಲ. ಭಾರ ಗಾಲಿಗಿಂತ ತುಸು ಮುಂದಿರಲಿ.

ಮಳೆಗಾಲದಲ್ಲಿ ಎರೆಮಣ್ಣು ಕೊಂಡಿಗಳಲ್ಲಿ ಮೆತ್ತಿ ಒಣಗುತ್ತದೆ, ಅದರಡಿ ತುಕ್ಕು ಕಾಣುವುದೇ ಇಲ್ಲ. ತೊಳೆದು, ಕೊಂಡಿ ಕೊಂಡಿಗೆ ತಾಗುವ ಜಾಗದಲ್ಲಿ ಅಳೆಯುತ್ತೇನೆ. 13 ಮಿಲಿಮೀಟರು 11.7ಕ್ಕಿಂತ ಕೆಳಗಿಳಿದರೆ, ಇಲ್ಲವೇ ಕೊಂಡಿ ಹಿಗ್ಗಿದ್ದರೆ ಆ ಸರಪಳಿ ತೆಗೆದುಹಾಕಬೇಕು. ಒಮ್ಮೆ ಜಗ್ಗು ಹೊತ್ತ ಸರಪಳಿಯನ್ನೂ ಮತ್ತೆ ಕಟ್ಟಬಾರದು.

ಮಗನಿಗೆ ಸ್ಟೇರಿಂಗ್ ಕೊಡುವ ಮುನ್ನ ಇದನ್ನೂ ಹೇಳಿದ್ದೇನೆ: ಪಿನ್ ಹೋಗಿ ಟ್ರೇಲರ್ ಸರಪಳಿಯ ಮೇಲೆ ಬಂದರೆ ಬ್ರೇಕನ್ನು ಒಮ್ಮೆಲೇ ಒತ್ತಬೇಡ, ಟ್ರೇಲರ್ ಬಂದು ಟ್ರ್ಯಾಕ್ಟರಿಗೆ ಗುದ್ದುತ್ತದೆ. ಎಕ್ಸಲರೇಟರ್ ಇಳಿಸಿ, ನೇರವಾಗಿ ಹಿಡಿದು, ಮೆಲ್ಲಗೆ ಎಡಕ್ಕೆ ತಂದು ನಿಲ್ಲಿಸು.