ಫ್ರೆಂಚ್‌ನ ಉದ್ದ ಪದವನ್ನು ಕೊನೆಯಿಂದ ಕಲಿಯಿರಿ

ಫ್ರೆಂಚ್ ಹೇಳಿಕೊಡುವಾಗ ನಾನು ಉದ್ದ ಪದವನ್ನು ನೇರವಾಗಿ ಓದಿಸುವುದಿಲ್ಲ. ಮೊದಲು ತುಂಡು ಮಾಡಿಸುತ್ತೇನೆ. ಎರಡು ಸ್ವರಗಳ ನಡುವೆ ಒಂದೇ ವ್ಯಂಜನ ಇದ್ದರೆ ಅದು ಮುಂದಿನ ತುಂಡಿಗೆ ಸೇರುತ್ತದೆ. ಎರಡಿದ್ದರೆ ನಡುವೆ ಒಡೆಯಿರಿ. ಪ್ರ, ತ್ರ, ಕ್ಲ ಥರದ ಜೋಡಿಗಳನ್ನು ಮಾತ್ರ ಬಿಡಿಸಬೇಡಿ.

ನನಗೆ ತುಂಬಾ ಇಷ್ಟವಾದ ಉದಾಹರಣೆ 'ಸಂವಿಧಾನಕ್ಕೆ ವಿರುದ್ಧವಾಗಿ' ಎಂಬ ಅರ್ಥದ, ಫ್ರೆಂಚ್ ಬರಹದಲ್ಲಿ 25 ಅಕ್ಷರಗಳ ಪದ anticonstitutionnellement: ಆಂ-ತಿ-ಕೋಂಸ್-ತಿ-ತ್ಯು-ಸ್ಯೊ-ನೆಲ್-ಮಾಂ. ಬರೆಯುವಾಗ 9 ತುಂಡು, ಮಾತಿನಲ್ಲಿ ಸಾಮಾನ್ಯವಾಗಿ 8. 'ನೆಲ್' ಆದಮೇಲೆ ಬರುವ 'e' ಅಕ್ಷರವನ್ನು ಉಚ್ಚರಿಸುವುದಿಲ್ಲ, ಅದಕ್ಕೇ ಈ ವ್ಯತ್ಯಾಸ.

ಈಗ ಕೊನೆಯಿಂದ ಶುರು ಮಾಡಿ. ಮಾಂ. ನೆಲ್-ಮಾಂ. ಸ್ಯೊ-ನೆಲ್-ಮಾಂ. ಹೀಗೇ ಒಂದೊಂದು ತುಂಡು ಹಿಂದಕ್ಕೆ ಸೇರಿಸುತ್ತಾ ಹೋಗಿ. ಫ್ರೆಂಚ್‌ನಲ್ಲಿ ಒತ್ತು ಬೀಳುವುದು ಕೊನೆಯ ತುಂಡಿನ ಮೇಲೆ, ಅಲ್ವಾ? ಈ ಅಭ್ಯಾಸದಲ್ಲಿ ಅದು ತಾನಾಗಿಯೇ ಬರುತ್ತದೆ. ಉಳಿದ ತುಂಡುಗಳನ್ನು ಒಂದೇ ಸಮನಾಗಿ ಹೇಳಿ.

ಎರಡು ಕಡೆ ಜಾಸ್ತಿ ಗಮನ ಬೇಕು. 'ಮಾಂ' ಕೊನೆಗೆ ತುಟಿ ಮುಚ್ಚಬಾರದು, 'ನ್' ಕೂಡ ಕೇಳಿಸಬಾರದು. ಉಸಿರು ಮೂಗಿನಿಂದಲೂ ಬರಲಿ. 'ತ್ಯು' ಎಂದು ಬರೆದದ್ದು ಅಂದಾಜಿಗೆ ಮಾತ್ರ. ನಾಲಿಗೆ 'ಈ' ಅನ್ನಲಿ, ತುಟಿ 'ಉ' ಥರ ದುಂಡಗಿರಲಿ.

ಇದು ಬಂದಮೇಲೆ 'ಅರ್ಥವಾಗದ' ಎಂಬ ಅರ್ಥದ ಏಂ-ಕೋಂ-ಪ್ರೆ-ಆಂ-ಸಿಬ್ಲ್ (incompréhensible) ಹೇಳಿ ನೋಡಿ.