ಎಲ್ಲರಿಗೂ ಗೊತ್ತಿದ್ದ ಇಮೇಲ್ ಬಿಟ್ಟೆ, ‘ನಿಮಗೆ ಇವರು ಗೊತ್ತಿರಬಹುದು’ ಕಾಟ ನಿಂತಿತು

ಎಂಟು ತಿಂಗಳಾಯ್ತು, ಸೋಶಿಯಲ್ ಮೀಡಿಯಾ ತಾಣಗಳು ತೋರಿಸುವ ‘ನಿಮಗೆ ಇವರು ಗೊತ್ತಿರಬಹುದು’ ಪಟ್ಟಿಯಲ್ಲಿ ನನ್ನ ಪರಿಚಯದವರು ಒಬ್ಬರೂ ಬಂದಿಲ್ಲ. ‘ಇದೆಲ್ಲ ಆಗೋ ಮಾತಲ್ಲ’ ಅಂದಿದ್ದ ಗೆಳೆಯರಿಗೆ ಫೋನ್ ತೆಗೆದು ತೋರಿಸಿದೆ.

ಶುರುವಾಗಿದ್ದು ಒಂದೇ ಒಂದು ಬಟನ್‌ನಿಂದ. ಒಂದು ತಾಣದಲ್ಲಿ ‘ಗೆಳೆಯರನ್ನು ಹುಡುಕಿ’ ಒತ್ತಿದೆ, ಅದು ನನ್ನ ಇಮೇಲ್‌ನ ವಿಳಾಸಪಟ್ಟಿಯನ್ನೇ ಎತ್ತಿಕೊಂಡಿತು. ಸುಮಾರು ಆರುನೂರು ಜನರಿಗೆ ನನ್ನ ಹೆಸರಲ್ಲಿ ಆಹ್ವಾನ ಹೋಯಿತು. ಹೊಸ ಕೆಲಸಕ್ಕೆ ಗುಟ್ಟಾಗಿ ಮಾತಾಡುತ್ತಿದ್ದ ಕಂಪನಿಯವರೂ ಒಪ್ಪಿಕೊಂಡರು, ನನ್ನ ಆಗಿನ ಬಾಸ್ ಕೂಡ. ಎರಡೇ ದಿನದಲ್ಲಿ ಬಾಸ್ ಪರದೆಯ ಮೇಲೆ ಆ ಕಂಪನಿಯವರ ಫೋಟೊ, ಕೆಳಗೆ ಸಣ್ಣಕ್ಷರದಲ್ಲಿ ನನ್ನ ಹೆಸರು. ಆ ವರ್ಷದ ಇನ್‌ಕ್ರಿಮೆಂಟ್ ಹೋಯ್ತು.

2010ರ ಫೆಬ್ರವರಿಯಲ್ಲಿ ಜಿಮೇಲ್ ಒಳಗೆ ಗೂಗಲ್ ಬಜ್ ಅನ್ನೋ ಸೋಶಿಯಲ್ ನೆಟ್‌ವರ್ಕ್ ಬಂದಾಗ ಗಲಾಟೆಯಾಗಿದ್ದೂ ಇಂಥದ್ದಕ್ಕೇ. ಯಾರಿಗೆ ಜಾಸ್ತಿ ಮೇಲ್ ಮಾಡುತ್ತೀರೋ ಅವರನ್ನೇ ಆರಿಸಿ ಫಾಲೋ ಮಾಡಿಸಿತ್ತು, ಆ ಪಟ್ಟಿ ಬೇರೆಯವರಿಗೂ ಕಾಣುತ್ತಿತ್ತು. 2011ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮುಂದೆ ಗೂಗಲ್ 20 ವರ್ಷದ ಖಾಸಗಿತನದ ತಪಾಸಣೆಗೆ ಒಪ್ಪಬೇಕಾಯಿತು. ಡಾಕ್ಟರಿಗೆ, ವಕೀಲರಿಗೆ ಜಾಸ್ತಿ ಬರೆದರೆ ಅವರೆಲ್ಲ ಗೆಳೆಯರಾಗಿಬಿಡ್ತಾರಾ?

ಇದರಿಂದ ತಪ್ಪಿಸಿಕೊಳ್ಳಲು ಮೊದಲು ಪ್ಲಸ್ ವಿಳಾಸ ಬಳಸಿದೆ, ಅಂದರೆ ಇಮೇಲ್‌ನಲ್ಲಿ @ ಮುಂಚೆ + ಚಿಹ್ನೆ ಹಾಕಿ ಇನ್ನೊಂದು ಪದ ಸೇರಿಸೋದು. ಅರ್ಧ ತಾಣಗಳು ಪ್ಲಸ್ ಒಪ್ಪಲೇ ಇಲ್ಲ. ಒಪ್ಪಿದರೂ ಪ್ಲಸ್‌ನಿಂದಾಚೆಯದನ್ನು ಕಿತ್ತು ಹಾಕಿದರೆ ಅಸಲಿ ವಿಳಾಸ ಕೈಗೆ ಸಿಗುತ್ತೆ. ಆಮೇಲೆ ಬೇರೆ ಮೇಲ್‌ಬಾಕ್ಸ್ ಮಾಡಿದೆ. ಅದೂ ಕೆಟ್ಟಿತು. ಆ್ಯಪ್‌ಗೆ ಕಾಂಟ್ಯಾಕ್ಟ್ಸ್ ಅನುಮತಿ ಕೊಟ್ಟಿದ್ದೆ, ಇಡೀ ಫೋನ್‌ಬುಕ್ ಒಂದೇ ರಾತ್ರಿಗೆ ಆ ತಾಣಕ್ಕೆ ಅಪ್‌ಲೋಡ್ ಆಗಿತ್ತು.

ಮೂರನೇ ಸಲ ಅಸಲಿ ವಿಷಯ ಹೊಳೆಯಿತು. ನಾನೆಷ್ಟೇ ಜೋಪಾನವಾಗಿದ್ದರೂ, ನನ್ನ ವಿಳಾಸ ಇಟ್ಟುಕೊಂಡವರು ತಮ್ಮ ಪಟ್ಟಿ ಕೊಟ್ಟುಬಿಡುತ್ತಾರೆ. ಹಾಗಾಗಿ ಜನಕ್ಕೆ ಗೊತ್ತಿರುವ ವಿಳಾಸ ಯಾವ ಖಾತೆಗೂ ಅಂಟಿರಬಾರದು. ಸ್ವಂತ ಡೊಮೇನ್ (ವಿಳಾಸದಲ್ಲಿ @ ನಂತರ ಬರುವ ಹೆಸರು) ತಗೊಂಡು ತಾಣಕ್ಕೊಂದು ಏಲಿಯಸ್, ಅಂದರೆ ಮೇಲ್ ನನ್ನ ಒಂದೇ ಮೇಲ್‌ಬಾಕ್ಸ್‌ಗೆ ಬರುವ ಬೇರೆ ಬೇರೆ ವಿಳಾಸ, ಮಾಡಿದೆ. ಹಳೆ ಖಾತೆಗಳಲ್ಲಿ ವಿಳಾಸ ಬದಲಿಸಿ ನೋಡಿದೆ, ಸಜೆಶನ್ ನಿಲ್ಲಲಿಲ್ಲ. ಅಳಿಸಿ ಹೊಸದಾಗಿ ತೆರೆದ ಮೇಲೆ ನಿಂತಿತು. ಫೋನ್ ನಂಬರ್ ಕೊಡಲಿಲ್ಲ, ಲಾಗಿನ್‌ಗೆ SMS ಬದಲು ಫೋನ್‌ನಲ್ಲೇ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್ ಹಾಕಿದೆ. ಏಲಿಯಸ್‌ಗೆ ಹೆಸರಿಡುವ ನನ್ನ ಲೆಕ್ಕ ಮಾತ್ರ ಇಲ್ಲಿ ಹೇಳೋದಿಲ್ಲ. ಹೇಳಿದರೆ ಅದರ ಬೆಲೆ ಹೋಯ್ತು.

ಖರ್ಚು ಡೊಮೇನಿನದೇ. ಮೊದಲನೆಯದನ್ನು ಒಂದು ವರ್ಷಕ್ಕೆ ತಗೊಂಡು ರಿನ್ಯೂ ಮಾಡೋದು ಮರೆತಿದ್ದೆ. ಬಿಡಿಸಿಕೊಳ್ಳಲು ಸುಮಾರು ಐದು ಪಟ್ಟು ಕೊಟ್ಟೆ. ಕೊಡಲೇಬೇಕಿತ್ತು. ಬೇರೆ ಯಾರಾದರೂ ಕೊಂಡಿದ್ದರೆ ನನ್ನ ಪಾಸ್‌ವರ್ಡ್ ರೀಸೆಟ್ ಮೇಲ್‌ಗಳೆಲ್ಲ ಅವರ ಕೈಗೆ. ಈಗ ಒಟ್ಟಿಗೆ ಹತ್ತು ವರ್ಷಕ್ಕೆ ಕಟ್ಟಿದ್ದೇನೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಎಲ್ಲೂ ಬಳಸದ ಒಂದು ವಿಳಾಸವನ್ನು ಗೆಳೆಯನ ಫೋನ್‌ಬುಕ್‌ಗೆ ಸೇರಿಸಿ, ಅದರಿಂದ ಖಾಲಿ ಖಾತೆ ತೆರೆದೆ. ಫೋಟೊ ಇಲ್ಲ, ಹೆಸರೂ ಬೇರೆ. ನಾಲ್ಕೈದು ದಿನದಲ್ಲಿ ಸಜೆಶನ್‌ನಲ್ಲಿ ಮೊದಲು ಬಂದವನು ಅದೇ ಗೆಳೆಯ! ಅವತ್ತಿನಿಂದ ಅವನೂ ಏಲಿಯಸ್ ಶುರು ಮಾಡಿದ್ದಾನೆ. ಹನ್ನೊಂದು ಖಾತೆ ಮುಗಿದಿವೆ, ಮೂರು ಬಾಕಿ.